ಸ್ಕ್ರೂ ಕಾರ್ಖಾನೆಯಿಂದ ಮೇಯರ್ ಕುರ್ಚಿಗೆ: ಜೋಸೆಫ್ ಚೇಂಬರ್ಲೇನ್ ಬರ್ಮಿಂಗ್‌ಹ್ಯಾಮ್‌ಗೆ ಕೊಟ್ಟದ್ದೇನು, ಕಿತ್ತುಕೊಂಡದ್ದೇನು?

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಈ ಊರಿನಲ್ಲಿದ್ದೇನೆ. ಬಸ್ ಇಳಿದು ಆಫೀಸಿಗೆ ನಡೆಯುವ ದಾರಿಯಲ್ಲಿ ಚೇಂಬರ್ಲೇನ್ ಸ್ಕ್ವೇರ್ ಸಿಗುತ್ತದೆ. ಅಲ್ಲೊಂದು ಕಲ್ಲಿನ ಕಾರಂಜಿ ಇದೆ. ಸುಮಾರು 65 ಅಡಿ ಎತ್ತರ, ತುದಿಗೆ ಹೋಗ್ತಾ ಹೋಗ್ತಾ ಚೂಪಾಗುತ್ತದೆ, ಮಧ್ಯದಲ್ಲಿ ಒಬ್ಬ ಮನುಷ್ಯನ ಮುಖದ ಕೆತ್ತನೆ. ಎಷ್ಟೋ ವರ್ಷ ಅದರ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೇನೆ, ಆ ಮುಖ ಯಾರದ್ದು ಅಂತ ಕೇಳಿಕೊಂಡಿರಲಿಲ್ಲ. ಹೋದ ತಿಂಗಳು ಮಗಳಿಗೆ ಶಾಲೆಯಲ್ಲಿ ಊರಿನ ಇತಿಹಾಸದ ಪಾಠ ಬಂತು. ಅವಳ ಜೊತೆ ಕೂತು ಓದಲು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ಚೇಂಬರ್ಲೇನ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹಿಟ್ಲರನ ಜೊತೆ ಮ್ಯೂನಿಕ್ ಒಪ್ಪಂದ ಮಾಡಿಕೊಂಡ ಪ್ರಧಾನಿ ನೆವಿಲ್ ನೆನಪಾಗುತ್ತಾರೆ. ಕಾರಂಜಿಯಲ್ಲಿರುವುದು ಅವರಪ್ಪ ಜೋಸೆಫ್. ಹುಟ್ಟಿದ್ದು 1836ರಲ್ಲಿ, ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ. ಮನೆಯವರದ್ದು ಪಾದರಕ್ಷೆ ವ್ಯಾಪಾರ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಯೂನಿಟೇರಿಯನ್ ಎಂಬ ಕ್ರೈಸ್ತ ಪಂಥದವರಾದ್ದರಿಂದ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಅವರಂಥವರಿಗೆ ಮುಚ್ಚಿದ ಹಾಗೇ ಇದ್ದ ಕಾಲ. ಓದಿನಲ್ಲಿ ಚುರುಕಾಗಿದ್ದರೂ 16ಕ್ಕೇ ಶಾಲೆ ಬಿಡಿಸಿ ಅಪ್ಪ ವ್ಯಾಪಾರಕ್ಕೆ ಹಾಕಿಕೊಂಡರು.

ಬರ್ಮಿಂಗ್‌ಹ್ಯಾಮ್‌ನಲ್ಲಿ ಜೋಸೆಫನ ಸೋದರತ್ತೆಯ ಗಂಡ ನೆಟಲ್‌ಫೋಲ್ಡ್ ಸ್ಕ್ರೂ ಮಾಡಿಸುತ್ತಿದ್ದರು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಕೈಗಾರಿಕೆಗಳ ಮಹಾ ಪ್ರದರ್ಶನದ ನಂತರ ಅವರ ಕಣ್ಣಿಗೆ ಅಮೆರಿಕದ ಒಂದು ಯಂತ್ರ ಬಿತ್ತು. ಪೇಟೆಂಟ್ ಹಕ್ಕು, ಯಂತ್ರ ಎಲ್ಲ ಸೇರಿ 30,000 ಪೌಂಡ್ ಬೇಕು. ಜೋಸೆಫನ ಅಪ್ಪ 10,000 ಪೌಂಡ್ ಹಾಕಿದರು. ಆ ದುಡ್ಡಿನ ಮೇಲೆ ಕಣ್ಣಿಡಲಿ ಅಂತ 1854ರಲ್ಲಿ ಹದಿನೆಂಟರ ಹುಡುಗನನ್ನು ಇಲ್ಲಿಗೆ ಕಳಿಸಿದರು. ಅಲ್ಲಿಂದ ಇಪ್ಪತ್ತು ವರ್ಷ ಹುಡುಗ ಲೆಕ್ಕ ಮತ್ತು ಮಾರಾಟ ನೋಡಿಕೊಂಡ. ಫ್ರಾನ್ಸಿನಲ್ಲಿ ಗಿರಾಕಿಗಳು ನೀಲಿ ಕಾಗದದಲ್ಲಿ ಕಟ್ಟಿದ ಸ್ಕ್ರೂವನ್ನೇ ಕೇಳಿ ತಗೋತಾರೆ ಅಂತ ಗೊತ್ತಾದಾಗ ಅಲ್ಲಿಗೆ ಹೋಗುವ ಮಾಲನ್ನೆಲ್ಲ ನೀಲಿ ಕಾಗದದಲ್ಲೇ ಕಟ್ಟಿಸಿದ. 1874ರಲ್ಲಿ ವ್ಯಾಪಾರ ಬಿಡುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ತಯಾರಾಗುವ ಲೋಹದ ಸ್ಕ್ರೂಗಳಲ್ಲಿ ಮೂರರಲ್ಲಿ ಎರಡು ಪಾಲು ಇವರದ್ದೇ. ಸುಮಾರು 1,20,000 ಪೌಂಡ್ ಕೈಯಲ್ಲಿ ಹಿಡಿದು, 38ನೇ ವಯಸ್ಸಿಗೇ ವ್ಯಾಪಾರದಿಂದ ನಿವೃತ್ತಿ.

ಅಷ್ಟರಲ್ಲಿ ಆತ ಮೇಯರ್ ಆಗಿ ಕೆಲವು ತಿಂಗಳಾಗಿತ್ತು. 1869ರಲ್ಲಿ ಸೇಂಟ್ ಪಾಲ್ಸ್ ವಾರ್ಡಿನಿಂದ ಕೌನ್ಸಿಲ್‌ಗೆ ಬಂದಿದ್ದ, 1873ರ ನವೆಂಬರಿನಲ್ಲಿ ಮೇಯರ್. ಆ ಕಾಲದ ಬರ್ಮಿಂಗ್‌ಹ್ಯಾಮ್ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಸುಮಾರು 3.4 ಲಕ್ಷ ಜನ. ಅದರಲ್ಲಿ ಅರ್ಧದಷ್ಟು ಜನ ಬಾವಿ ನೀರನ್ನೇ ನಂಬಿದವರು, ಆ ಬಾವಿಗಳಲ್ಲಿ ಎಷ್ಟಕ್ಕೋ ಚರಂಡಿ ಇಳಿದಿತ್ತು. ಖಾಸಗಿ ಕಂಪನಿಯ ನಲ್ಲಿ ನೀರು ವಾರಕ್ಕೆ ಮೂರು ದಿನ. ದೀಪಕ್ಕೆ ಗ್ಯಾಸ್ ಪೂರೈಸುವ ಎರಡು ಕಂಪನಿಗಳು ಒಂದರ ಜೊತೆ ಒಂದು ಪೈಪೋಟಿಗೆ ಬಿದ್ದಿದ್ದವು. ಹಿಂದಿನ ಕೌನ್ಸಿಲ್‌ನವರು ಹೆಚ್ಚಾಗಿ ಸಣ್ಣ ಅಂಗಡಿಕಾರರು. 1850ರ ದಶಕದಲ್ಲಿ ಅವರ ಗುಂಪು ವುಡ್‌ಮನ್ ಎಂಬ ಹೆಂಡದಂಗಡಿಯಲ್ಲಿ ಸೇರಿ ತೀರ್ಮಾನ ಮಾಡುತ್ತಿತ್ತು. ತೆರಿಗೆ ಏರಬಾರದು, ಆದ್ದರಿಂದ ಏನೂ ಮಾಡಬಾರದು ಅನ್ನುವುದೇ ಅವರ ನಿಲುವು.

ಮೂರು ವರ್ಷದಲ್ಲಿ ಚೇಂಬರ್ಲೇನ್ ಗ್ಯಾಸ್ ಕಂಪನಿಗಳನ್ನು ಊರಿನ ಹೆಸರಿಗೆ ಕೊಂಡ, ನೀರಿನ ಕಂಪನಿಯನ್ನು ಕೊಂಡ, ಊರ ನಡುವಿನ ಕೊಳೆಗೇರಿ ಕೆಡವಿ ಕಾರ್ಪೊರೇಷನ್ ಸ್ಟ್ರೀಟ್ ಎಂಬ ದೊಡ್ಡ ಬೀದಿಗೆ ಜಾಗ ಮಾಡಿದ. ಆ ಬೀದಿಯ ಸುತ್ತ ಮೊದಲು ವರ್ಷಕ್ಕೆ ಸಾವಿರಕ್ಕೆ 53 ಜನ ಸಾಯುತ್ತಿದ್ದರು. 1879–81ರ ಹೊತ್ತಿಗೆ ಅದು 21ಕ್ಕೆ ಇಳಿಯಿತು.

ನನಗೆ ಅನ್ನಿಸಿದ್ದು ಇಷ್ಟು: ಆಮೇಲೆ ಆತ ಮೂವತ್ತು ವರ್ಷ ಲಂಡನ್ನಿನಲ್ಲಿ ಮಂತ್ರಿ, ಸಾಮ್ರಾಜ್ಯದ ಧುರೀಣ ಅಂತೆಲ್ಲ ಓಡಾಡಿದ್ದಕ್ಕಿಂತ ಈ ಮೂರು ವರ್ಷವೇ ದೊಡ್ಡದು. ನಿಮ್ಮ ಅಭಿಪ್ರಾಯ ಹೇಳಿ.

ಬಡಗಿಯ ಮಗ

ಮೇಡಂ, ಸ್ಕ್ರೂ ವಿಷಯ ಎರಡೇ ಸಾಲಿಗೆ ಮುಗಿಸಿಬಿಟ್ರಿ. ಅದನ್ನ ನಾನು ಸ್ವಲ್ಪ ಬಿಡಿಸ್ತೀನಿ, ಯಾಕಂದ್ರೆ ಈ ಮನುಷ್ಯನ ದುಡ್ಡೆಲ್ಲ ಬಂದಿದ್ದು ಸ್ಕ್ರೂವಿನ ತುದಿಯಿಂದ.

ಹಳೇ ಸ್ಕ್ರೂಗಳ ಮೂತಿ ಮೊಂಡು. ಮರಕ್ಕೆ ಹಾಕ್ಬೇಕು ಅಂದ್ರೆ ಮೊದಲು ಬೈರಿಗೆಯಲ್ಲಿ ಪೂರ್ತಿ ಆಳಕ್ಕೆ ತೂತು ಕೊರೀಬೇಕು. ತೂತು ಸಡಿಲ ಆದ್ರೆ ಸ್ಕ್ರೂ ಅಲ್ಲಾಡುತ್ತೆ, ಬಿಗಿ ಆದ್ರೆ ಮರ ಸೀಳುತ್ತೆ. ಚೂಪು ತುದಿಯ ಸ್ಕ್ರೂ ತಾನೇ ದಾರಿ ಮಾಡ್ಕೊಂಡು ಮರ ಕಚ್ಚಿಕೊಂಡು ಹೋಗುತ್ತೆ. ಅದನ್ನ ಕೈಯಲ್ಲಿ ಒಂದೊಂದಾಗಿ ಅರದಿಂದ ಉಜ್ಜಿ ಮಾಡೋದಾದ್ರೆ ಯಾರಿಗೂ ಪೂರೈಸಲ್ಲ, ಯಂತ್ರವೇ ಮಾಡಿಕೊಟ್ಟಾಗ ಮಾತ್ರ ಪೂರೈಸೋದು. ಅಮೆರಿಕದಿಂದ ಕೊಂಡ ಹಕ್ಕು ಅದರದ್ದೇ.

ನಮ್ಮಪ್ಪ ಮೂವತ್ತೈದು ವರ್ಷ ಬಡಗಿ ಕೆಲಸ ಮಾಡಿದೋರು. ಬಾಗಿಲ ಕೀಲಿಗೆ ಬೇರೆ ಯಾವ ಸ್ಕ್ರೂನೂ ಮುಟ್ತಿರ್ಲಿಲ್ಲ, ನೆಟಲ್‌ಫೋಲ್ಡೇ ಆಗ್ಬೇಕು. ಹಾಕೋ ಮುಂಚೆ ತುದಿಯನ್ನ ಮೇಣದ ಬತ್ತಿಗೆ ಒಂದ್ಸಲ ಉಜ್ಜೋರು. ತಲೆಯ ಗೀರು ಎಲ್ಲಾ ಸ್ಕ್ರೂಗೂ ಒಂದೇ ದಿಕ್ಕಿಗೆ, ನೆಟ್ಟಗೆ ನಿಲ್ಲೋ ಹಾಗೆ ತಿರುಗಿಸಿ ಬಿಡೋರು. ಆ ಹೆಸರು ಬರ್ಮಿಂಗ್‌ಹ್ಯಾಮಿನ ಒಬ್ಬ ಮನುಷ್ಯಂದು ಅಂತ ಇವತ್ತೇ ಗೊತ್ತಾಗಿದ್ದು. ಹುಡುಕಿ ನೋಡಿದೆ: 1902ರಲ್ಲಿ ಆ ಕಂಪನಿ ಬೇರೆಯವರ ಜೊತೆ ಸೇರಿ ಗೆಸ್ಟ್ ಕೀನ್ ನೆಟಲ್‌ಫೋಲ್ಡ್ಸ್ ಆಯ್ತು. ನಮ್ಮ ದೇಶದಲ್ಲಿ ಅವರ ಶಾಖೆ ಗೆಸ್ಟ್ ಕೀನ್ ವಿಲಿಯಮ್ಸ್, ಹೌರಾದಲ್ಲಿ ಕಾರ್ಖಾನೆ. ಅಪ್ಪನ ಪೆಟ್ಟಿಗೆಯಲ್ಲಿ ಇನ್ನೂ ಅರ್ಧ ಡಬ್ಬಿ ಇದೆ.

ಒಂದು ಮಾತು ಮಾತ್ರ ಸೇರಿಸ್ತೀನಿ. ಮೂರರಲ್ಲಿ ಎರಡು ಪಾಲು ಒಬ್ಬರ ಕೈಗೆ ಬಂತು ಅಂದ್ರೆ ಉಳಿದ ಸಣ್ಣ ಸ್ಕ್ರೂ ಅಂಗಡಿಗಳು ಮುಚ್ಚಿದ್ವು, ಇಲ್ಲಾ ಇವರಿಗೇ ಮಾರಿಕೊಂಡ್ವು ಅಂತ ಅರ್ಥ. ಆ ಮನೆಗಳ ಕಡೆಯಿಂದ ಬರೆದ ಚರಿತ್ರೆ ನನಗೆ ಸಿಗಲಿಲ್ಲ.

ನಿವೃತ್ತ ಲೆಕ್ಕಿಗ

ನಾನು ನಗರಸಭೆಯೊಂದರಲ್ಲಿ ಲೆಕ್ಕ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು. ಈ ಮನುಷ್ಯನ ಗ್ಯಾಸ್ ವ್ಯವಹಾರವನ್ನು ಎಷ್ಟು ಸಲ ಓದಿದರೂ ನನಗೆ ಸಾಕಾಗುವುದಿಲ್ಲ.

ಎರಡು ಗ್ಯಾಸ್ ಕಂಪನಿಗಳಿಗೆ ಕೊಟ್ಟದ್ದು 19,53,050 ಪೌಂಡ್. ಊರಿನ ವರ್ಷದ ತೆರಿಗೆ ಆದಾಯಕ್ಕೆ ಹೋಲಿಸಿದರೆ ಎದೆ ಧಸಕ್ ಅನ್ನುವ ಮೊತ್ತ. ಆದರೆ ಆತ ವ್ಯಾಪಾರಿ, ಸಾಲ ಅಂದರೆ ಹೆದರುವವನಲ್ಲ. ಅವನ ಲೆಕ್ಕ ಹೀಗೆ: ನಗರಸಭೆಗೆ ತೆರಿಗೆ ಎತ್ತುವ ಅಧಿಕಾರವಿದೆ, ಆ ಭದ್ರತೆಯ ಮೇಲೆ ಕಡಿಮೆ ಬಡ್ಡಿಗೆ ದೀರ್ಘಾವಧಿ ಸಾಲ ಹುಟ್ಟುತ್ತದೆ. ಷೇರುದಾರರಿಗೆ ಹಂಚುವ ಲಾಭಾಂಶ ಉಳಿಯುತ್ತದೆ. ಎರಡು ಕಂಪನಿಗಳು ಒಂದೇ ಬೀದಿಯನ್ನು ಎರಡೆರಡು ಸಲ ಅಗೆಯುವುದು ತಪ್ಪುತ್ತದೆ. ಉಳಿದದ್ದು ಊರಿನ ಬೊಕ್ಕಸಕ್ಕೆ. ಮೊದಲ ವರ್ಷವೇ 34,000 ಪೌಂಡ್ ಲಾಭ ಬಂತು.

ನೀರಿನ ಕಂಪನಿಗೆ ಕೊಟ್ಟದ್ದು 13,50,000 ಪೌಂಡ್, 1876ರ ಜನವರಿಯಲ್ಲಿ ಊರಿನ ಕೈಗೆ ಬಂತು. ಇಲ್ಲಿ ಅವನ ನಿಲುವು ಪೂರ್ತಿ ಬೇರೆ. ಸಂಸತ್ತಿನ ಸಮಿತಿಯ ಮುಂದೆ ನಿಂತು, ನೀರಿನಲ್ಲಿ ಲಾಭ ಮಾಡುವ ಉದ್ದೇಶ ನಮಗೆ ಕಿಂಚಿತ್ತೂ ಇಲ್ಲ, ಜನರ ಆರೋಗ್ಯ ಮತ್ತು ಊರಿನ ನೆಮ್ಮದಿಯೇ ನಮ್ಮ ಲಾಭ ಎಂಬರ್ಥದ ಮಾತು ಹೇಳಿದ. ಗ್ಯಾಸ್ ದೀಪ ಆಗ ಹೆಚ್ಚಾಗಿ ಉಳ್ಳವರ ಮನೆಯದ್ದು, ಅಂಗಡಿ ಕಾರ್ಖಾನೆಗಳದ್ದು. ಅಲ್ಲಿ ಲಾಭ ತಗೊಂಡರೆ ತಪ್ಪಿಲ್ಲ. ನೀರು ಎಲ್ಲರ ಗಂಟಲಿಗೂ ಬೇಕು. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗದೆ ಇದ್ದದ್ದು ನನ್ನ ದೃಷ್ಟಿಯಲ್ಲಿ ಅವನ ಅತಿ ದೊಡ್ಡ ಬುದ್ಧಿವಂತಿಕೆ. ನನ್ನ ಸೇವೆಯ ಕಾಲದಲ್ಲಿ ನೀರಿನ ದರದ ಕಡತ ಬಂದಾಗಲೆಲ್ಲ ಅದನ್ನು ವ್ಯಾಪಾರದ ಮಳಿಗೆ ಬಾಡಿಗೆಯ ಕಡತದ ಹಾಗೇ ನೋಡುವವರನ್ನು ಕಂಡಿದ್ದೇನೆ. ಆಗೆಲ್ಲ ಈ ಮಾತು ಗೊತ್ತಿದ್ದಿದ್ದರೆ ಟಿಪ್ಪಣಿಯಲ್ಲಿ ಬರೆಯುತ್ತಿದ್ದೆ.

ಧಾರವಾಡದ ಓದುಗ

ಅಕ್ಕಾರ, ಭಾಳ ಛಲೋ ಬರದೀರಿ. ಆದ್ರ ಒಂದ್ ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ.

ಸಾವಿನ ಲೆಕ್ಕ 53ರಿಂದ 21ಕ್ಕ ಇಳೀತು ಅಂದ್ರಿ. ಅಲ್ಲಿ ಮೊದಲ ಸಾಯ್ತಿದ್ದ ಮಂದಿ ಅಲ್ಲೇ ಇದ್ದು, ಬದುಕಿ ಉಳದ್ರ ಅದು ಗೆಲುವು. ಅವರ ಮನಿ ಕೆಡವಿ ಅಲ್ಲಿ ಅಂಗಡಿ, ಆಫೀಸು ಕಟ್ಟಿದ ಮ್ಯಾಲೆ ಅಲ್ಲಿ ಉಳದವರ‍್ಯಾರ್ರಿ? ಬ್ಯಾರೆ ಮಂದಿ. ಲೆಕ್ಕದಾಗ ಊರು ಸುಧಾರಿಸ್ತು, ಆದ್ರ ಆ ಮನುಷ್ಯಾ ಎಲ್ಲಿ ಹೋದ, ಹೋದಲ್ಲಿ ಬದುಕಿದ್ನೋ ಇಲ್ಲೋ, ಅದು ಈ ಅಂಕಿಯೊಳಗ ಇಲ್ಲ.

ಆ ಮನಿ ಕೆಡವಾಕ ಬಳಸಿದ 1875ರ ಕಾಯ್ದೆಯ ಹೆಸರು ಏನ್ರಿ? ಕೂಲಿಕಾರರ, ಕಸುಬುದಾರರ ವಸತಿ ಸುಧಾರಣಾ ಕಾಯ್ದೆ. ಹೆಸರಿನಾಗ ವಸತಿ ಅದ. ಕಟ್ಟಿದ್ದು ಪ್ಯಾರಿಸ್ಸಿನಂಥ ಬೀದಿ. ಜಾಗ ಎಲ್ಲಾ 75 ವರ್ಷದ ಲೀಸಿಗೆ ಕೊಟ್ರು. ಲೀಸು ಮುಗಿದ ಮ್ಯಾಲೆ ಕಟ್ಟಡ ಸಹಿತ ಊರಿಗೇ ವಾಪಸ್, ಅಂದ್ರ ಮೊಮ್ಮಕ್ಕಳ ಕಾಲಕ್ಕ ಊರು ಶ್ರೀಮಂತ. ಲೆಕ್ಕಿಗ ಸರ್ ಇದನ್ನೂ ಬುದ್ಧಿವಂತಿಕಿ ಅಂತಾರ, ಹೌದು ಬುದ್ಧಿವಂತಿಕೀನ. ಆದ್ರ ಆವತ್ತ ರಾತ್ರಿ ಚಾಪಿ ಸುತಗೊಂಡು, ಕೂಸಿನ್ನ ಕಂಕುಳಾಗ ಹೊತಗೊಂಡು ಹೊಂಟ ತಾಯಿಗೆ 75 ವರ್ಷದ ಮಾತು ಹೆಂಗ ಹೇಳ್ತೀರಿ?

ನಾ ಇದನ್ನ ಪುಸ್ತಕದಾಗ ಓದಿ ಹೇಳಾಕತ್ತಿಲ್ರಿ. ರಸ್ತೆ ಅಗಲ ಮಾಡೂಮುಂದ ನಮ್ಮಜ್ಜನ ಮನಿ ಅರ್ಧ ಹೋತು. ನಡುಮನಿ ಗ್ವಾಡಿಗೆ ಕೆಂಪು ಬಣ್ಣದಾಗ ಒಂದು ಗೀಟು ಎಳದು ಹೋಗಿದ್ರು, ಇಲ್ಲೀತನಕ ಅಂತ. ಆ ಗೀಟಿನ ಆಚಿ ಕಡೆ ದೇವರ ಜಗಲಿ ಇತ್ತು.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಸಿಟ್ಟು ಯಾಕೆ ಬರಬೇಕು ಅಣ್ಣಾ. ನಿಮ್ಮ ಮಾತು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮತ್ತೆ ಪುಸ್ತಕ ತೆಗೆದು ನೋಡಿದೆ, ನೀವು ಹೇಳಿದ್ದೇ ನಿಜ. ಬಡವರಿಗೆ ಅಂತ ಕೌನ್ಸಿಲ್ ಕಟ್ಟಿದ ಮೊದಲ ಮನೆಗಳು ಬಂದದ್ದು 1890ರ ಸುಮಾರಿಗೆ, ಅದೂ ಬೆರಳೆಣಿಕೆಯಷ್ಟು. ಅಂದರೆ ಹದಿನೈದು ವರ್ಷ ತಡ. 53ರಿಂದ 21 ಅನ್ನುವ ಅಂಕಿಯನ್ನು ನಾನು ಹಾಗೇ ಎತ್ತಿ ಬರೆದಿದ್ದೆ, ಅದನ್ನು ಗೆಲುವಿನ ಹಾಗೆ ಹೇಳಿದ್ದು ತಪ್ಪು.

ಆದರೆ ನೀರಿನ ಮಾತು ಬೇರೆ ಅಂತ ಈಗಲೂ ಅನ್ನುತ್ತೇನೆ. ಒಕ್ಕಲೆಬ್ಬಿಸಿದವರು ಹೋಗಿ ಸೇರಿದ ಗಲ್ಲಿಗೂ ಊರಿನದೇ ನೀರು ಹೋಯಿತಲ್ಲ.

ಇನ್ನೊಂದು ವಿಷಯ. ಈ ಎಲ್ಲ ಕೆಲಸದ ನಡುವೆ, 1875ರ ಫೆಬ್ರವರಿಯಲ್ಲಿ ಆತನ ಎರಡನೇ ಹೆಂಡತಿ ಫ್ಲಾರೆನ್ಸ್ ಹೆರಿಗೆಯಲ್ಲಿ ತೀರಿಕೊಂಡರು. ಮೊದಲ ಹೆಂಡತಿ ಹ್ಯಾರಿಯೆಟ್ ಕೂಡ 1863ರಲ್ಲಿ ಮಗ ಆಸ್ಟಿನ್ ಹುಟ್ಟಿದಾಗಲೇ ಹೋಗಿದ್ದರು. ಮನೆಯಲ್ಲಿ ತಾಯಿಯಿಲ್ಲದ ಆರು ಮಕ್ಕಳು, ನೆವಿಲ್‌ಗೆ ಆಗ ಆರು ತುಂಬಿರಲಿಲ್ಲ. ಕೊಳೆಗೇರಿಯ ಸಾವಿನ ಪಟ್ಟಿ ಕೈಯಲ್ಲಿ ಹಿಡಿದು ಕೌನ್ಸಿಲ್‌ನಲ್ಲಿ ಮಾತಾಡಿದ ಮನುಷ್ಯ ತನ್ನ ಮನೆಯಲ್ಲೂ ಸಾವು ನೋಡಿದ್ದ. ಇದನ್ನು ಕ್ಷಮೆಗಾಗಿ ಹೇಳುತ್ತಿಲ್ಲ. ಆ ಕೊಳೆಗೇರಿ ಕೆಡವುವ ಯೋಜನೆಗೆ ಸ್ವಂತ ಕೈಯಿಂದ 10,000 ಪೌಂಡ್ ಕೊಟ್ಟ ಅಂತಲೂ ಓದಿದೆ.

ಇತಿಹಾಸದ ಮೇಷ್ಟ್ರು

ಚರ್ಚೆ ಬಹಳ ಚೆನ್ನಾಗಿ ಹೋಗ್ತಿದೆ. ಎರಡು ವಿಷಯ ಸೇರಿಸಬೇಕು.

ಮೊದಲನೆಯದು, ಇದೆಲ್ಲ ಒಬ್ಬನ ತಲೆಯಿಂದ ಹುಟ್ಟಿದ್ದಲ್ಲ. ಜಾರ್ಜ್ ಡಾಸನ್, ಆರ್. ಡಬ್ಲ್ಯೂ. ಡೇಲ್ ಎಂಬ ಇಬ್ಬರು ಧರ್ಮಬೋಧಕರು ವರ್ಷಗಟ್ಟಲೆ ಬರ್ಮಿಂಗ್‌ಹ್ಯಾಮಿನ ಪ್ರಾರ್ಥನಾ ಮಂದಿರಗಳಲ್ಲಿ ಒಂದೇ ಮಾತು ಹೇಳುತ್ತಾ ಬಂದಿದ್ದರು: ಊರನ್ನು ಚೆನ್ನಾಗಿ ನಡೆಸುವುದೂ ದೇವರ ಕೆಲಸ, ಉಳ್ಳವರು ಕೌನ್ಸಿಲ್‌ನಿಂದ ಮೈ ತಪ್ಪಿಸಿಕೊಳ್ಳುವುದು ಪಾಪ. ಇದನ್ನೇ ನಗರ ಸುವಾರ್ತೆ ಅಂತ ಕರೆದರು. ಕಾಯಕದ ಮಾತು ಕೇಳಿ ಬೆಳೆದ ನಮಗೆ ಇದರ ತೂಕ ಬೇಗ ತಿಳಿಯುತ್ತದೆ. ಕಾರ್ಖಾನೆ ಮಾಲೀಕರು, ವಕೀಲರು ವಾರ್ಡ್ ಚುನಾವಣೆಗೆ ನಿಲ್ಲಲು ಶುರು ಮಾಡಿದ್ದು ಆ ಬೋಧನೆಯ ಬಲದಿಂದ. ನೆಲ ಹದವಾಗಿತ್ತು, ಚೇಂಬರ್ಲೇನ್ ಬಿತ್ತಿದ.

ಎರಡನೆಯದು, ಮೂವತ್ತು ವರ್ಷದ ಲಂಡನ್ ಬದುಕನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಡಬೇಡಿ ಅಮ್ಮ. 1876ರಲ್ಲಿ ಸಂಸತ್ತಿಗೆ ಹೋದ. ಐರ್ಲೆಂಡಿಗೆ ಸ್ವಂತ ಆಡಳಿತ ಕೊಡುವ ಪ್ರಶ್ನೆ ಬಂದಾಗ 1886ರಲ್ಲಿ ತನ್ನದೇ ಪಕ್ಷದ ಪ್ರಧಾನಿ ಗ್ಲಾಡ್‌ಸ್ಟನ್ನರನ್ನು ಎದುರುಹಾಕಿಕೊಂಡು ಲಿಬರಲ್ ಪಕ್ಷವನ್ನೇ ಒಡೆದ. 1895ರಿಂದ 1903ರವರೆಗೆ ವಸಾಹತುಗಳ ಮಂತ್ರಿ. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರಾದ ಬೋಯರರ ವಿರುದ್ಧ ಬ್ರಿಟನ್ ನಡೆಸಿದ ಬೋಯರ್ ಯುದ್ಧವನ್ನು ಎಷ್ಟೋ ಜನ ಚೇಂಬರ್ಲೇನನ ಯುದ್ಧ ಅಂತಲೇ ಕರೆದರು. ಆ ಯುದ್ಧದಲ್ಲಿ ಬ್ರಿಟಿಷರು ಜನರನ್ನು ಕೂಡಿಹಾಕಿದ ಶಿಬಿರಗಳಲ್ಲಿ ಸುಮಾರು 28,000 ಬೋಯರರು ಸತ್ತರು, ಬಹುಪಾಲು ಮಕ್ಕಳು. ಬೇರೆ ಶಿಬಿರಗಳಲ್ಲಿ ಸಾವಿರಾರು ಕಪ್ಪು ಆಫ್ರಿಕನ್ನರೂ ಸತ್ತರು. 1901ರ ಡಿಸೆಂಬರಿನಲ್ಲಿ ಯುದ್ಧ ವಿರೋಧಿಸಿ ಮಾತಾಡಲು ಲಿಬರಲ್ ಸಂಸದ ಲಾಯ್ಡ್ ಜಾರ್ಜ್ ಬರ್ಮಿಂಗ್‌ಹ್ಯಾಮ್ ಟೌನ್ ಹಾಲಿಗೆ ಬಂದಾಗ ಜನ ಕಿಟಕಿ ಒಡೆದು ನುಗ್ಗಿದರು. ಆತ ಪೊಲೀಸ್ ವೇಷ ಹಾಕಿಕೊಂಡು ತಪ್ಪಿಸಿಕೊಳ್ಳಬೇಕಾಯಿತು. ಶುದ್ಧ ನೀರು ಕೊಟ್ಟವನ ಮೇಲಿನ ಪ್ರೀತಿ ಆ ಊರಿನ ಕಣ್ಣನ್ನೇ ಕಟ್ಟಿಬಿಟ್ಟಿತ್ತು. ನಾನು ಕ್ಲಾಸಿನಲ್ಲಿ ಈ ಎರಡನ್ನೂ ಒಂದೇ ಪಾಠದಲ್ಲಿ ಹೇಳುತ್ತೇನೆ, ಬೇರೆ ಬೇರೆ ಮಾಡುವುದಿಲ್ಲ.

ಸಾಬರಮತಿ ದಡದಿಂದ

ಅಹಮದಾಬಾದಿನಲ್ಲಿ ಹತ್ತು ವರ್ಷದಿಂದ ಇದ್ದೇನೆ, ಊರು ಪುತ್ತೂರಿನ ಹತ್ತಿರ. ನಿಮ್ಮ ಚರ್ಚೆ ಓದುವಾಗ ಇಲ್ಲಿಯ ರಣಛೋಡಲಾಲ್ ಛೋಟಾಲಾಲ್ ನೆನಪಾದರು ಮಾರಾಯ್ರೆ. 1823ರಲ್ಲಿ ಹುಟ್ಟಿದ ನಾಗರ ಬ್ರಾಹ್ಮಣರು, ಸರ್ಕಾರಿ ನೌಕರಿಯಲ್ಲಿದ್ದವರು. ಈ ಊರಿನ ಮೊದಲ ಹತ್ತಿ ಗಿರಣಿ ಅವರದ್ದು, ಶುರುವಾದದ್ದು 1861ರಲ್ಲಿ. ಆಗ ಅಹಮದಾಬಾದಿಗೆ ರೈಲು ಇರಲಿಲ್ಲ. ಇಂಗ್ಲೆಂಡಿನಿಂದ ಬಂದ ಯಂತ್ರಗಳನ್ನು ಖಂಭಾತ್ ಬಂದರಿನಲ್ಲಿ ಇಳಿಸಿ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ತಂದದ್ದು. 2,500 ಕದಿರು, 65 ಕೆಲಸಗಾರರು, ಅಷ್ಟೇ.

ಅವರೂ ಆಮೇಲೆ ನಗರಸಭೆಗೆ ಹೋದರು, 1885ರಲ್ಲಿ ಅದರ ಮೊದಲ ಭಾರತೀಯ ಅಧ್ಯಕ್ಷರಾದರು. ನಲ್ಲಿ ನೀರು ಮತ್ತು ನೆಲದಡಿಯ ಚರಂಡಿ ತರಲಿಕ್ಕೆ ಹೊರಟಾಗ ಊರಿನವರೇ ತಿರುಗಿ ಬಿದ್ದರು. ತೆರಿಗೆ ಹೆಚ್ಚುತ್ತದೆ ಅಂತ ಒಂದು ಗಲಾಟೆ, ಹಳೇ ಊರಿನ ಒತ್ತೊತ್ತು ಮನೆಗಳ ಕೇರಿಗಳಾದ ಪೋಳ್‌ಗಳ ಕಿರು ಗಲ್ಲಿ ಅಗೆಯಬೇಡಿ ಅಂತ ಇನ್ನೊಂದು. ಫ್ಲಾರೆನ್ಸ್ ನೈಟಿಂಗೇಲ್ ಇವರ ಚರಂಡಿ ಯೋಜನೆಯ ಬಗ್ಗೆ ಪತ್ರ ಬರೆದು ಬೆಂಬಲಿಸಿದ್ದರು. ರಣಛೋಡಲಾಲರು 1898ರಲ್ಲಿ ತೀರಿಕೊಂಡರು.

ವ್ಯತ್ಯಾಸ ಒಂದುಂಟು. ಚೇಂಬರ್ಲೇನನ ಹಿಂದೆ ಅವನದ್ದೇ ಸಂಸತ್ತು ಇತ್ತು, ಬೇಕಾದ ಕಾಯ್ದೆ ಮಾಡಿಸಿಕೊಂಡ. ರಣಛೋಡಲಾಲರು ಪ್ರತಿಯೊಂದಕ್ಕೂ ಬ್ರಿಟಿಷ್ ಅಧಿಕಾರಿಗಳ ಒಪ್ಪಿಗೆಗೆ ಕಾಯಬೇಕಿತ್ತು. ಆ ಲೆಕ್ಕದಲ್ಲಿ ಇವರ ಕೆಲಸ ಹೆಚ್ಚು ಕಷ್ಟದ್ದು ಅಂತ ನನಗೆ ಕಾಣುತ್ತದೆ.

ಬಡಗಿಯ ಮಗ

ಈಗ ಆ ನೀರು, ಗ್ಯಾಸ್ ಎಲ್ಲ ಯಾರ ಕೈಯಲ್ಲಿದೆ ಮೇಡಂ? ಇನ್ನೂ ಊರಿನದೇನಾ?

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಇಲ್ಲ ಅಣ್ಣಾ. ಗ್ಯಾಸ್ 1949ರಲ್ಲಿ ರಾಷ್ಟ್ರೀಕರಣವಾಯಿತು. ನೀರು 1974ರಲ್ಲಿ ಕೌನ್ಸಿಲ್ ಕೈಬಿಟ್ಟು ಪ್ರಾದೇಶಿಕ ಮಂಡಳಿಗೆ ಹೋಯಿತು, 1989ರಲ್ಲಿ ಪೂರ್ತಿ ಖಾಸಗಿಯಾಯಿತು. ಕಂಪನಿಯಿಂದ ಕಂಪನಿಗೇ ವಾಪಸ್ ಬಂದ ಹಾಗೆ. ಮನೆಯ ನಲ್ಲಿಯಲ್ಲಿ ಬರುವ ನೀರು ಮಾತ್ರ ಇವತ್ತಿಗೂ ವೇಲ್ಸ್‌ನ ಎಲಾನ್ ಕಣಿವೆಯಿಂದ 73 ಮೈಲಿ ದೂರ ಬರುತ್ತದೆ. ಊರಿನ ಕೈಯಲ್ಲಿ ನೀರಿದ್ದದ್ದರಿಂದಲೇ ಕೌನ್ಸಿಲ್ ಆ ಅಣೆಕಟ್ಟುಗಳನ್ನು ಕಟ್ಟಿಸಲು ಹೊರಟದ್ದು, 1904ರಲ್ಲಿ ನೀರು ಹರಿಯಿತು. ಪಂಪಿಲ್ಲದೆ ಬರೀ ಇಳಿಜಾರಿನಲ್ಲೇ ಅಷ್ಟು ದೂರ ಹರಿದು ಬರುತ್ತದೆ. ಧಾರವಾಡದ ಅಣ್ಣನಿಗೆ ಇದನ್ನೂ ಹೇಳಿಬಿಡುತ್ತೇನೆ: ಆ ಕಣಿವೆಯಲ್ಲೂ ಸುಮಾರು ನೂರು ಜನ ಮನೆ ಬಿಟ್ಟರು.

2023ರ ಸೆಪ್ಟೆಂಬರಿನಲ್ಲಿ ಇದೇ ಕೌನ್ಸಿಲ್ ಇನ್ನು ಹೊಸ ಖರ್ಚಿಗೆ ನಮ್ಮಲ್ಲಿ ದುಡ್ಡಿಲ್ಲ ಅಂತ ಅಧಿಕೃತವಾಗಿ ನೋಟಿಸ್ ಹೊರಡಿಸಿತು. ಲೆಕ್ಕಿಗ ಸರ್, ಅವತ್ತು ಸುದ್ದಿ ಓದುವಾಗ ನನಗೆ ಈ ಕಥೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಇನ್ನೂ ಹೆಚ್ಚು ನೋವಾಗುತ್ತಿತ್ತು.

ಶನಿವಾರ ಮಗಳನ್ನು ಕರೆದುಕೊಂಡು ಆರ್ಟ್ ಗ್ಯಾಲರಿಗೆ ಹೋಗಿದ್ದೆ. ಅದು 1885ರಲ್ಲಿ ತೆರೆದದ್ದು. ಗ್ರಂಥಾಲಯ, ಚಿತ್ರಶಾಲೆ ಎರಡಕ್ಕೂ ಬಳಸಬೇಕಿದ್ದ ಗ್ರಂಥಾಲಯ ತೆರಿಗೆಯನ್ನು ಪೌಂಡಿಗೆ ಒಂದು ಪೆನ್ನಿಗಿಂತ ಹೆಚ್ಚು ಎತ್ತುವಂತಿರಲಿಲ್ಲ, ಹಾಗಾಗಿ ಚಿತ್ರಶಾಲೆಗೆ ದುಡ್ಡೇ ಇರಲಿಲ್ಲ. ಗ್ಯಾಸ್ ಸಮಿತಿಯವರು ತಮ್ಮ ಕಚೇರಿ ಕಟ್ಟಿಸುವಾಗ ಅದರ ಮೇಲೆಯೇ ಗ್ಯಾಲರಿಯನ್ನೂ ಕಟ್ಟಿಸಿಕೊಟ್ಟರು. ಉದ್ಯಮದ ಗಳಿಕೆಯಿಂದ ಕಲೆಯನ್ನು ಬೆಳೆಸುತ್ತೇವೆ ಎಂಬ ಅರ್ಥದ ಸಾಲು ಒಳಗೆ ಕಲ್ಲಿನಲ್ಲಿ ಕೆತ್ತಿದೆ. ಪಕ್ಕದಲ್ಲೇ ಗ್ಯಾಸ್ ಹಾಲ್ ಅಂತ ಒಂದು ದೊಡ್ಡ ಕೋಣೆ. ಈಗ ಅಲ್ಲಿ ಚಿತ್ರ ಪ್ರದರ್ಶನ ನಡೆಯುತ್ತದೆ, ಹಿಂದೆ ಜನ ಸಾಲಿನಲ್ಲಿ ನಿಂತು ಗ್ಯಾಸ್ ಬಿಲ್ ಕಟ್ಟುತ್ತಿದ್ದದ್ದು ಅಲ್ಲೇ. ಮಗಳು ಬಾಗಿಲ ಹತ್ತಿರ ಬಗ್ಗಿ, ಕೀಲಿನ ಸ್ಕ್ರೂಗಳ ಗೀರು ಎಲ್ಲಾ ಒಂದೇ ದಿಕ್ಕಿಗಿವೆಯಾ ಅಂತ ನೋಡಿದಳು. ನಿಮ್ಮಪ್ಪನ ಮಾತು ಅವಳಿಗೆ ಹೇಳಿದ್ದೆ.